ಶನಿವಾರ ಹೋಗಿ ಭಾನುವಾರ ವಾಪಸ್: ಏಳು ಜನ, 380 ಕಿ.ಮೀ., ಮನೆಮಂದಿಯ ಕೂಟ

ಹಿಂದಿನ_ಸೀಟು
ಬರುವ ಶನಿವಾರ ಮಧ್ಯಾಹ್ನ ಅಜ್ಜನ ಕಡೆಯವರೆಲ್ಲ ಒಂದು ಕಡೆ ಸೇರ್ತಿದ್ದಾರೆ. ದೂರ ಹೋಗೋಕೆ 380 ಕಿ.ಮೀ., ಅದರಲ್ಲಿ ಕೊನೆಯ 40 ಘಾಟಿ ಇಳಿಯೋದು. ಏಳು ಸೀಟಿನ ಡೀಸೆಲ್ ಗಾಡಿ, ಏಳೂ ಭರ್ತಿ: ದೊಡ್ಡವರು ನಾಲ್ಕು, ಎಪ್ಪತ್ತು ದಾಟಿದವರು ಒಬ್ಬರು, ಆರು ವರ್ಷದ ಹುಡುಗ, ಹತ್ತು ತಿಂಗಳ ಕೂಸು. ಡ್ರೈವಿಂಗ್ ಬರುವವರು ಇಬ್ಬರು. ಜೊತೆಗೆ ಇನ್ನೊಂದು ಎಲೆಕ್ಟ್ರಿಕ್ ಕಾರು. ಶುಕ್ರವಾರ ಕೆಲಸ ಮುಗಿಸಿ ರಾತ್ರಿ 9ಕ್ಕೆ ಹೊರಟರೆ ಟ್ರಾಫಿಕ್ ಇರಲ್ಲ ಅಂತ ಒಬ್ಬರು, ಶನಿವಾರ ಬೆಳಗಿನ ಜಾವ 5ಕ್ಕೆ ಅಂತ ಇನ್ನೊಬ್ಬರು. ಭಾನುವಾರ ಊಟ ಮಾಡಿ 2 ಗಂಟೆಗೆ ವಾಪಸ್. ಯಾವುದು ಸರಿ? ಗಾಡಿಯಲ್ಲಿ ಏನೇನು ನೋಡ್ಕೋಬೇಕು?

ನಾಲ್ಕನೇ_ಗೇರ್
ಮೊದಲು ಲೆಕ್ಕ ಮಾಡಿ. ಮ್ಯಾಪ್ ತೋರಿಸೋ ಸಮಯದಲ್ಲಿ ನಿಲ್ಲೋದು ಸೇರಿರಲ್ಲ. ಹೆದ್ದಾರಿ, ಘಾಟಿ, ಊರೊಳಗಿನ ರಸ್ತೆ ಎಲ್ಲ ಸೇರಿ ಸರಾಸರಿ ಗಂಟೆಗೆ 65 ಸಿಕ್ಕರೆ ಪುಣ್ಯ. ಹಾಗಾದರೆ ಓಡೋದಕ್ಕೇ 5 ಗಂಟೆ 50 ನಿಮಿಷ. ಕೂಸು ಇರೋದರಿಂದ ಎರಡು ಗಂಟೆಗೊಮ್ಮೆ 20–25 ನಿಮಿಷ ನಿಲ್ಲಲೇಬೇಕು. ಒಟ್ಟು 7 ಗಂಟೆ ಅಂತ ಇಟ್ಕೊಳ್ಳಿ.

ರಾತ್ರಿ 9ಕ್ಕೆ ಹೊರಟರೆ ತಲುಪೋದು ಬೆಳಗಿನ ಜಾವ 4ಕ್ಕೆ. ಬೆಳಗ್ಗೆ 6ಕ್ಕೆ ಎದ್ದು ಕೆಲಸಕ್ಕೆ ಹೋಗಿ ಬಂದವರು ರಾತ್ರಿ 11ಕ್ಕೆ ಎಚ್ಚರವಾಗಿದ್ದು 17 ಗಂಟೆ ಆಗಿರುತ್ತೆ. ಅಷ್ಟು ಹೊತ್ತು ನಿದ್ದೆ ಇಲ್ಲದವರ ಚುರುಕು, ರಕ್ತದಲ್ಲಿ 0.05% ಮದ್ಯ ಇರೋರ ಮಟ್ಟಕ್ಕೆ ಇಳಿದಿರುತ್ತೆ. ಮೇಲಿಂದ ರಾತ್ರಿ 2ರಿಂದ 6 ದೇಹ ತಾನೇ ನಿದ್ದೆಗೆ ಎಳೆಯೋ ಹೊತ್ತು, ನಿಮ್ಮ ಘಾಟಿ ಸರಿಯಾಗಿ ಆಗಲೇ ಬರುತ್ತೆ. ಟ್ರಾಫಿಕ್ ಇಲ್ಲ ಅನ್ನೋ ಲಾಭಕ್ಕೆ ಇದು ತೀರಾ ದುಬಾರಿ.

ಶನಿವಾರ 5ಕ್ಕೇ ಹೊರಡಿ. ಒಂದೇ ಷರತ್ತು: ಶುಕ್ರವಾರ ರಾತ್ರಿ 8ರೊಳಗೆ ಗಾಡಿ ಲೋಡ್ ಆಗಿರಬೇಕು, ಟ್ಯಾಂಕ್ ತುಂಬಿರಬೇಕು, ಓಡಿಸುವವರಿಬ್ಬರೂ 9ಕ್ಕೆ ಮಲಗಿರಬೇಕು. 5 ಗಂಟೆ ಅಂದ್ರೆ ಚಕ್ರ ತಿರುಗೋ ಹೊತ್ತು, ಎದ್ದು ಸ್ನಾನಕ್ಕೆ ಸರತಿ ನಿಲ್ಲೋ ಹೊತ್ತಲ್ಲ.

ಇನ್ನೊಂದು ಮಾತು, ತಡವಾಯ್ತು ಅಂತ ಸ್ಪೀಡ್ ಏರಿಸೋರಿಗೆ. 200 ಕಿ.ಮೀ. ಹೆದ್ದಾರಿಯನ್ನ 100ರ ಬದಲು 120ರಲ್ಲಿ ಓಡಿಸಿದರೆ ಉಳಿಯೋದು 20 ನಿಮಿಷ. ಒಂದು ಟೀ ಬ್ರೇಕ್ ಸ್ವಲ್ಪ ಉದ್ದ ಆದರೆ ಅದೂ ಹೋಯ್ತು.

ಡಿಕ್ಕಿ_ಲೆಕ್ಕ
ಏಳು ಸೀಟು ಅಂದ್ರೆ ಏಳು ಜನ ಮತ್ತು ಏಳು ಸೂಟ್‌ಕೇಸ್ ಅಂತ ಯಾವ ಕಂಪನಿಯೂ ಮಾತು ಕೊಟ್ಟಿಲ್ಲ. ಗಾಡಿಯ ಪುಸ್ತಕದಲ್ಲಿ ಎರಡು ಅಂಕಿ ಹುಡುಕಿ: ಗರಿಷ್ಠ ಒಟ್ಟು ತೂಕ, ಖಾಲಿ ಗಾಡಿಯ ತೂಕ. ಮೊದಲನೆಯದರಲ್ಲಿ ಎರಡನೆಯದು ಕಳೆದರೆ ಉಳಿದದ್ದು ನಿಮ್ಮ ಪಾಲು. ಉದಾಹರಣೆಗೆ 2,300ರಲ್ಲಿ 1,750 ಕಳೆದರೆ 550 ಕೆ.ಜಿ. ನಿಮ್ಮ ಜನರನ್ನೇ ತಗೊಳ್ಳಿ: ದೊಡ್ಡವರು ನಾಲ್ಕು, ತಲಾ 70 ಕೆ.ಜಿ.ಯಂತೆ 280, ಹಿರಿಯರು 65, ಹುಡುಗ 22, ಕೂಸು 9, ಮಕ್ಕಳ ಸೀಟು ಎರಡಕ್ಕೂ ಸೇರಿ 15. ಒಟ್ಟು 391. ಉಳಿದದ್ದು 159. ಕೆಲವು ಕಂಪನಿಗಳು ಖಾಲಿ ತೂಕದಲ್ಲೇ ಡ್ರೈವರ್‌ಗೆ 75 ಕೆ.ಜಿ. ಸೇರಿಸಿರುತ್ತವೆ, ಕೆಲವು ಸೇರಿಸಲ್ಲ. ಪುಸ್ತಕದಲ್ಲಿ ಅದನ್ನೂ ಓದಿ.

ಹಾಗಾಗಿ ತೂಕ ನಿಭಾಯಿಸಬಹುದು, ತೊಂದರೆ ಇರೋದು ಜಾಗದ್ದು. ಮೂರನೇ ಸಾಲು ಎತ್ತಿದ ಮೇಲೆ ಹಿಂದೆ ಉಳಿಯೋದು ಅಂಗೈಯಗಲ. ಅಲ್ಲಿ ಗಟ್ಟಿ ಸೂಟ್‌ಕೇಸ್ ಬೇಡ, ಬಟ್ಟೆ ಬ್ಯಾಗ್‌ಗಳನ್ನ ಒತ್ತಿ ತುಂಬಿ. ಹಿಂದೆ ಕೂತವರ ತಲೆಗೂ ಸಾಮಾನಿಗೂ ನಡುವೆ ಸೀಟಿನ ಬೆನ್ನು ಬಿಟ್ಟರೆ ಬೇರೆ ತಡೆ ಇಲ್ಲ ಅನ್ನೋದು ನೆನಪಿರಲಿ. ಸೀಟಿನ ಬೆನ್ನಿಗಿಂತ ಎತ್ತರಕ್ಕೆ ಏನೂ ಬರಕೂಡದು. ಪಾತ್ರೆ, ನೀರಿನ ಕ್ಯಾನ್, ಉಡುಗೊರೆಯ ಭಾರದ ಡಬ್ಬಿ ಎಲ್ಲ ತಳದಲ್ಲಿ, ಸೀಟಿಗೆ ಒತ್ತಿಕೊಂಡು ಇರಲಿ.

ಮೇಲೆ ಕ್ಯಾರಿಯರ್ ಹಾಕ್ತೀರಾದರೆ ಛಾವಣಿಯ ಮಿತಿ ಬೇರೆಯೇ ಇರುತ್ತೆ, ಹೆಚ್ಚಿನ ಗಾಡಿಗಳಲ್ಲಿ 50ರಿಂದ 75 ಕೆ.ಜಿ. ಆ ಮಿತಿಯಲ್ಲಿ ಕ್ಯಾರಿಯರ್ ಮತ್ತು ಪೆಟ್ಟಿಗೆಯ ತೂಕವೂ ಸೇರಿದೆ. 75ರಲ್ಲಿ ಅವಕ್ಕೇ 20 ಹೋದರೆ ಸಾಮಾನಿಗೆ 55. ಮೇಲೆ ಹಾಸಿಗೆ, ಹೊದಿಕೆ, ಬಟ್ಟೆ ಮಾತ್ರ. ಹಗ್ಗ ಬಿಗಿದು 20–30 ಕಿ.ಮೀ. ಆದಮೇಲೆ ಒಂದ್ಸಲ ನಿಲ್ಲಿಸಿ ಮತ್ತೆ ಎಳೆದು ನೋಡಿ. ಗಾಳಿಗೆ ಸಾಮಾನು ಕುಸಿದು ಹಗ್ಗ ಸಡಿಲ ಆಗೇ ಆಗುತ್ತೆ.

ಹಿಂದೆ ಭಾರ ಬಿದ್ದಾಗ ಮೂತಿ ಮೇಲೇಳುತ್ತೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತೆ. ಸ್ಟೀರಿಂಗ್ ಪಕ್ಕ 0, 1, 2, 3 ಅಂತ ಒಂದು ಚಿಕ್ಕ ಚಕ್ರ ಇದ್ಯಲ್ಲ, ಅದು ಇದಕ್ಕೇ. 0 ಅಂದ್ರೆ ಖಾಲಿ ಗಾಡಿ, ಅಂಕಿ ಏರಿದಷ್ಟೂ ಬೆಳಕು ಕೆಳಗೆ. ಬಹಳ ಜನ ಆ ಚಕ್ರವನ್ನ ಮುಟ್ಟಿಯೇ ಇರಲ್ಲ.

ಸ್ಪೀಡ್_ಬ್ರೇಕರ್
ಟೈರ್ ಮೇಲೇ ಗಾಳಿ ಗರಿಷ್ಠ ಎಷ್ಟು ಅಂತ ಬರೆದಿರುತ್ತೆ. ಫುಲ್ ಲೋಡ್ ಇದ್ರೆ ಅಷ್ಟೇ ಹಾಕ್ಸಿ. ದಾರಿಯಲ್ಲಿ ಜಾಸ್ತಿ ತೋರಿಸಿದ್ರೆ ಸ್ವಲ್ಪ ಬಿಟ್ಟರಾಯ್ತು.

ಗಾಳಿ_ಚೆಕ್
@ಸ್ಪೀಡ್_ಬ್ರೇಕರ್ ಎರಡೂ ತಪ್ಪು ಸರ್. ಟೈರಿನ ಪಕ್ಕದಲ್ಲಿ ಬರೆದಿರೋದು ಆ ಟೈರ್ ತಡೆಯೋ ಮೇಲಿನ ಮಿತಿ, ನಿಮ್ಮ ಗಾಡಿಗೆ ಬೇಕಾದದ್ದಲ್ಲ. ಬೇಕಾದದ್ದು ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲಿನ ಸ್ಟಿಕರ್‌ನಲ್ಲಿ ಅಥವಾ ಟ್ಯಾಂಕ್ ಮುಚ್ಚಳದ ಒಳಗಡೆ ಇರುತ್ತೆ. ಹೆಚ್ಚಿನ ಗಾಡಿಗಳಲ್ಲಿ ಎರಡು ಸಾಲು: ಇಬ್ಬರು ಮೂವರಿದ್ದಾಗ ಒಂದು, ಫುಲ್ ಲೋಡಿಗೆ ಇನ್ನೊಂದು. ಎರಡನೇ ಸಾಲಿನಲ್ಲಿ ಹಿಂದಿನ ಟೈರಿಗೆ ಜಾಸ್ತಿ ಇರೋದು ಸಾಮಾನ್ಯ. ನಿಮಗೆ ಬೇಕಾದದ್ದು ಅದು.

ಗಾಳಿ ನೋಡಬೇಕಾದದ್ದು ಟೈರ್ ತಣ್ಣಗಿದ್ದಾಗ, ಅಂದ್ರೆ ಗಾಡಿ ಮೂರು ಗಂಟೆ ನಿಂತಿರಬೇಕು, ಇಲ್ಲಾ ಎರಡು ಕಿ.ಮೀ. ಒಳಗೆ ಓಡಿರಬೇಕು. ಓಡಿ ಬಿಸಿಯಾದಾಗ 3–4 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಏರೋದು ಸಹಜ, ಸ್ಟಿಕರ್‌ನ ಅಂಕಿ ಅದನ್ನ ಲೆಕ್ಕಕ್ಕೆ ಹಿಡಿದೇ ಬರೆದಿರೋದು. ಬಿಸಿಯಲ್ಲಿ ಬಿಟ್ಟರೆ ತಣ್ಣಗಾದ ಮೇಲೆ ಕಡಿಮೆ ಆಗುತ್ತೆ. ಕಡಿಮೆ ಗಾಳಿ, ಫುಲ್ ಲೋಡ್, ಬಿಸಿ ರಸ್ತೆ ಮೂರೂ ಸೇರಿದರೆ ಟೈರಿನ ಪಕ್ಕೆ ಪದೇ ಪದೇ ಮಡಚಿ ಒಳಗಿಂದ ಕಾದು ಸಿಡಿಯುತ್ತೆ. ಟೈರ್ ಒಡೆಯೋದು ಹೆಚ್ಚು ಗಾಳಿಯಿಂದ ಅಂತ ನಂಬಿದವರೇ ಜಾಸ್ತಿ, ಆದ್ರೆ ಸಾಮಾನ್ಯವಾಗಿ ಕಾರಣ ಉಲ್ಟಾ.

ಟೈರ್ ವಯಸ್ಸೂ ನೋಡಿ. ಟೈರಿನ ಪಕ್ಕದಲ್ಲಿ ಡಿಓಟಿ (DOT) ಅಂತ ಶುರುವಾಗೋ ಸಾಲಿನ ಕೊನೆಯ ನಾಲ್ಕು ಅಂಕಿ 2319 ಅಂತಿದ್ದರೆ 2019ರ 23ನೇ ವಾರದ್ದು. ಗೆರೆಗಳ ನಡುವೆ ಅಡ್ಡ ಉಬ್ಬು ಕಾಣುತ್ತಲ್ಲ, ಅದರ ಮಟ್ಟಕ್ಕೆ ರಬ್ಬರ್ ಸವೆದಿದ್ದರೆ ಉಳಿದದ್ದು 1.6 ಮಿ.ಮೀ. ಅಂಥ ಟೈರಲ್ಲಿ ಮಳೆ ಬಂದ ಘಾಟಿ ಇಳಿಯೋ ಮಾತೇ ಬೇಡ.

ಇನ್ನು ಸ್ಟೆಪ್ನಿ. ಅದು ಡಿಕ್ಕಿಯ ತಳದಲ್ಲಿದ್ದರೆ ಸಾಮಾನು ತುಂಬೋಕೆ ಮುಂಚೆ ತೆಗೆದು ಗಾಳಿ ನೋಡಿ. ಜಾಕಿ, ಸ್ಪ್ಯಾನರ್, ಅಲಾಯ್ ವೀಲ್ ಆದರೆ ಲಾಕ್ ನಟ್‌ನ ಕೀಲಿ, ಈ ಮೂರನ್ನೂ ಮುಂದಿನ ಸೀಟಿನ ಕೆಳಗೆ ಇಟ್ಟುಬಿಡಿ. ಆ ಕೀಲಿ ಹೆಬ್ಬೆರಳು ಗಾತ್ರದ್ದು, ಅದಿಲ್ಲದೆ ಚಕ್ರ ಬಿಚ್ಚೋಕಾಗಲ್ಲ. ಬಿಚ್ಚುವಾಗ ಚಕ್ರ ನೆಲದಲ್ಲಿರುವಾಗಲೇ ನಟ್‌ಗಳನ್ನ ಅರ್ಧ ಸುತ್ತು ಸಡಿಲಿಸಿ ಆಮೇಲೆ ಜಾಕಿ ಎತ್ತಿ. ಜನರೆಲ್ಲ ಕೆಳಗಿಳಿದಿರಬೇಕು. ಹಾಕುವಾಗ ಎದುರುಬದುರಾಗಿ ಬಿಗಿಯಿರಿ, 50 ಕಿ.ಮೀ. ಆದಮೇಲೆ ಮತ್ತೊಮ್ಮೆ.

ಸಾವಕಾಶ_ಹೋಗ್ರಿ
ಟೈರ್ ಬಗ್ಗೆ ಹೇಳಿದ್ದೆಲ್ಲಾ ಖರೆ ಅದರೀ. ಆದ್ರ ಫುಲ್ ಲೋಡ್ ಗಾಡಿಗೆ ದೊಡ್ಡ ಪರೀಕ್ಷಾ ಆ 40 ಕಿ.ಮೀ. ಘಾಟಿ. ಇಳಿಯೂವಾಗ ಬ್ರೇಕ್ ಮ್ಯಾಲೆ ಕಾಲು ಇಟ್ಟುಕೊಂಡೇ ಹೋಗಬ್ಯಾಡ್ರಿ. ಯಾವ ಗೇರಿನ್ಯಾಗ ಏರತೀರೋ ಅದೇ ಗೇರಿನ್ಯಾಗ ಇಳೀರಿ. ಆಟೋಮ್ಯಾಟಿಕ್ ಇದ್ರ ಮ್ಯಾನ್ಯುಯಲ್ ಮೋಡಿಗೆ ಹಾಕಿ ಎರಡು, ಮೂರರಾಗ ಇಡ್ರಿ. ಸ್ಪೀಡ್ ಜಾಸ್ತಿ ಆತಂದ್ರ ಒಮ್ಮೆ ಗಟ್ಟಿ ಒತ್ತಿ ಇಳಿಸಿ, ಪೂರ್ತಿ ಬಿಡ್ರಿ. ಹಗೂರ ಒತ್ತಿಕೊಂಡೇ ಇದ್ರ ಡಿಸ್ಕ್ ಆರೂದಕ್ಕ ಪುರಸೊತ್ತ ಸಿಗೂದಿಲ್ಲ.

ಸುಟ್ಟ ವಾಸನಿ ಬಂದ್ರ, ಪೆಡಲ್ ಮೆತ್ತಗ ಆಗಿ ಒಳಗ ಹೊಂಟ್ರ, ಅದು ಎಚ್ಚರಿಕಿ. ಕಡಿಮಿ ಗೇರಿಗೆ ಬಂದು ಅಗಲ ಜಾಗಾ ನೋಡಿ ನಿಲ್ಲಸ್ರಿ, ಅರ್ಧಾ ತಾಸು ಆರಲಿ. ಬಿಸಿ ಡಿಸ್ಕಿಗೆ ನೀರು ಮಾತ್ರ ಹಾಕಬ್ಯಾಡ್ರಿ, ಸೊಟ್ಟ ಆಗ್ತದ. ಬ್ರೇಕ್ ಆಯಿಲ್ ಗಾಳ್ಯಾಗಿನ ತೇವ ಎಳಕೋತದ, ಹಳೇದಾದ್ರ ಬಿಸಿಗೆ ಲಗೂ ಕುದ್ದು ಗುಳ್ಳಿ ಏಳ್ತಾವ. ಎರಡು ವರ್ಷಕ್ಕೊಮ್ಮೆ ಬದಲಿ ಮಾಡಬೇಕು. ಯಾವಾಗ ಹಾಕ್ಸಿದ್ದು ಅಂತ ನೆನಪಿಲ್ಲಂದ್ರ ಈ ವಾರನ ಹಾಕ್ಸಿಬಿಡ್ರಿ.

ಹಿಂದಿನ_ಸೀಟು
ಬ್ರೇಕ್ ಆಯಿಲ್ ಮೂರು ವರ್ಷ ಆಗಿದೆ. ಬುಧವಾರವೇ ಗ್ಯಾರೇಜಿಗೆ ಬಿಡ್ತೀನಿ. ಮಕ್ಕಳನ್ನ ಎಲ್ಲಿ ಕೂರಿಸೋದು? ಹುಡುಗನಿಗೆ ತಿರುವುಗಳಲ್ಲಿ ವಾಂತಿ ಬರುತ್ತೆ.

ಗಾಳಿ_ಚೆಕ್
ಬುಧವಾರ ಒಳ್ಳೇದು. ಶುಕ್ರವಾರ ಸಂಜೆ ಸರ್ವಿಸ್ ಮಾಡಿಸಿ ಶನಿವಾರ ಹೊರಡೋದು ಬೇಡ. ಒಂದು ಕ್ಲಿಪ್ ಸಡಿಲ ಬಿಟ್ಟಿದ್ದರೂ ಅದು ಗೊತ್ತಾಗೋದು ಹೆದ್ದಾರಿಯಲ್ಲೇ. ನಡುವೆ ಎರಡು ದಿನ ಊರೊಳಗೆ ಓಡಿಸಿ ನೋಡಿ.

ಕೂಸಿನ_ಬೆಲ್ಟ್
ಕೂಸು ಮಧ್ಯದ ಸಾಲಿನಲ್ಲಿ, ಹಿಂದಕ್ಕೆ ಮುಖ ಮಾಡಿದ ಸೀಟಿನಲ್ಲಿ. ಏರ್‌ಬ್ಯಾಗ್ ಚಾಲೂ ಇರೋ ಮುಂದಿನ ಸೀಟಿನಲ್ಲಿ ಖಂಡಿತ ಬೇಡ. ಮಡಿಲಲ್ಲಿ ಹಿಡ್ಕೋತೀವಿ ಅನ್ನೋ ಮಾತೂ ಬೇಡ, ಗಟ್ಟಿ ಬ್ರೇಕ್ ಬಿದ್ದಾಗ ಯಾವ ಕೈಯೂ ಹಿಡಿಯಲ್ಲ. ಸೀಟನ್ನ ಬೆಲ್ಟ್ ಹಾದುಹೋಗೋ ಜಾಗದಲ್ಲಿ ಹಿಡಿದು ಅಲ್ಲಾಡಿಸಿ, ಎರಡೂವರೆ ಸೆಂ.ಮೀ.ಗಿಂತ ಹೆಚ್ಚು ಸರಿಯಬಾರದು. ಕೂಸಿನ ಭುಜದ ಪಟ್ಟಿಯನ್ನ ಚಿವುಟಿ ನೋಡಿ, ಬೆರಳ ನಡುವೆ ಮಡಿಕೆ ಸಿಕ್ಕರೆ ಅದಿನ್ನೂ ಸಡಿಲ. ಬೆಳಗಿನ ಚಳಿಗೆ ಅಂತ ದಪ್ಪ ಸ್ವೆಟರ್ ಹಾಕಿ ಪಟ್ಟಿ ಬಿಗಿದರೆ ಒಳಗೆ ಪೊಳ್ಳು ಉಳಿಯುತ್ತೆ. ತೆಳು ಬಟ್ಟೆಯಲ್ಲಿ ಬಿಗಿದು ಹೊದಿಕೆಯನ್ನ ಮೇಲೆ ಹೊದಿಸಿ.

ಹುಡುಗನೂ ಮಧ್ಯದ ಸಾಲಿಗೇ, ಬೂಸ್ಟರ್ (ಬೆಲ್ಟ್ ಸರಿಯಾಗಿ ಕೂರೋ ಹಾಗೆ ಮಗುವನ್ನ ಎತ್ತರಿಸೋ ಸೀಟು) ಮೇಲೆ. ಬೆಲ್ಟ್ ತೊಡೆಯ ಮೇಲೆ, ಭುಜದ ನಡುವೆ ಹೋಗಬೇಕು. ಹೊಟ್ಟೆ, ಕುತ್ತಿಗೆ ಮೇಲೆ ಬರಕೂಡದು. ಮೂರನೇ ಸಾಲು ಹೆಚ್ಚು ಕುಲುಕುತ್ತೆ, ಕಿಟಕಿಯೂ ಚಿಕ್ಕದು, ವಾಂತಿ ಬರೋರಿಗೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ.

ವಾಂತಿ ಬರೋದು ಯಾಕೆಂದ್ರೆ ಒಳಕಿವಿ "ತಿರುಗ್ತಿದೀವಿ" ಅನ್ನುತ್ತೆ, ಮೊಬೈಲ್ ನೋಡೋ ಕಣ್ಣು "ಸುಮ್ಮನೆ ಕೂತಿದೀವಿ" ಅನ್ನುತ್ತೆ. ಘಾಟಿ ಶುರುವಾಗೋ ಮುಂಚೆಯೇ ಮೊಬೈಲ್, ಪುಸ್ತಕ ಎರಡೂ ಕಸಿದುಕೊಂಡು ದೂರದ ಬೆಟ್ಟ ನೋಡೋಕೆ ಹೇಳಿ. ಹೊಟ್ಟೆ ತೀರಾ ಖಾಲಿಯೂ ಬೇಡ, ತುಂಬಿದ್ದೂ ಬೇಡ. ಎರಡು ಪ್ಲಾಸ್ಟಿಕ್ ಕವರ್, ಒಂದು ಜೊತೆ ಬಟ್ಟೆ, ಒದ್ದೆ ಟವೆಲ್ ಕೈಗೆ ಸಿಗೋ ಕಡೆ ಇರಲಿ. ಡಿಕ್ಕಿಯ ತಳದಲ್ಲಿದ್ದರೆ ಇದ್ದೂ ಇಲ್ಲದ ಹಾಗೆ.

ಕೂಸಿಗೆ ಪುಡಿ ಹಾಲು ಆದರೆ ಮೊದಲೇ ಕಲಸಿ ತಗೊಂಡು ಹೋಗಬೇಡಿ. ಅಳೆದ ಪುಡಿ ಚಿಕ್ಕ ಡಬ್ಬಿಗಳಲ್ಲಿ, ಬಿಸಿನೀರು ಫ್ಲಾಸ್ಕ್‌ನಲ್ಲಿ, ಬೇಕಾದಾಗ ಕಲಸಿ ಆರಿಸಿ ಕೊಡಿ. ಕಲಸಿದ್ದು ಎರಡು ಗಂಟೆ ದಾಟಿದರೆ ಚೆಲ್ಲಿ.

ಔಷಧಿ_ಡಬ್ಬಿ
ವಾಂತಿ ಮಾತ್ರೆ ಬಗ್ಗೆ ಒಂದು ಮಾತು. ಡೈಮೆನ್‌ಹೈಡ್ರಿನೇಟ್ ತರದ್ದು ಕೆಲಸ ಮಾಡಬೇಕಾದರೆ 30ರಿಂದ 60 ನಿಮಿಷ ಮುಂಚೆ ಕೊಟ್ಟಿರಬೇಕು. ಸಂಕಟ ಶುರುವಾದ ಮೇಲೆ ಕೊಟ್ಟದ್ದು ಹೊರಗೇ ಬರುತ್ತೆ. ಮಕ್ಕಳಿಗೆ ಎಷ್ಟು ಅನ್ನೋದನ್ನ ಡಾಕ್ಟರ್ ಹತ್ತಿರ ಕೇಳಿ. ಮಂಪರು ಬರುತ್ತೆ, ಆದ್ದರಿಂದ ಓಡಿಸುವವರು ತಗೋಬಾರದು, ಮುಂದಿನ ಪಾಳಿ ಇರೋರೂ ಕೂಡ.

ಹಿರಿಯರಿಗೆ ನಾಲ್ಕು ಗಂಟೆಗೂ ಮೀರಿ ಕಾಲು ಇಳಿಬಿಟ್ಟು ಕೂತರೆ ರಕ್ತ ಹೆಪ್ಪುಗಟ್ಟೋ ಸಾಧ್ಯತೆ ಏರುತ್ತೆ. ಪ್ರತಿ ನಿಲುಗಡೆಯಲ್ಲೂ ಐದು ನಿಮಿಷ ನಡೆಸಿ, ಗಾಡಿಯಲ್ಲಿ ಪಾದವನ್ನ ಮೇಲೆ ಕೆಳಗೆ ಆಡಿಸೋಕೆ ಹೇಳಿ. ದಾರಿಯಲ್ಲಿ ಪದೇ ಪದೇ ನಿಲ್ಲಿಸಬೇಕಲ್ಲ ಅನ್ನೋ ಸಂಕೋಚಕ್ಕೆ ನೀರು ಕುಡಿಯೋದನ್ನೇ ಬಿಟ್ಟುಬಿಡ್ತಾರೆ. ನೀವೇ ಮೊದಲು ಹೇಳಿಬಿಡಿ, ಎರಡು ಗಂಟೆಗೊಮ್ಮೆ ಹೇಗೂ ನಿಲ್ಲಿಸ್ತೀವಿ ಅಂತ.

ಇನ್ಸುಲಿನ್ ಇದ್ದರೆ ಬಿಸಿಲಿಗೆ ನಿಂತ ಗಾಡಿಯೊಳಗೆ ಬಿಡಬೇಡಿ, ಐಸಿಗೆ ನೇರ ತಾಗಿಸಲೂ ಬೇಡಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಉಪಯೋಗಕ್ಕಿಲ್ಲ. ಬಟ್ಟೆಯಲ್ಲಿ ಸುತ್ತಿ ತಂಪು ಬ್ಯಾಗಿನಲ್ಲಿಟ್ಟು, ಇಳಿಯುವಾಗ ಜೊತೆಗೇ ಒಯ್ಯಿರಿ. ಮಾತ್ರೆ ಎರಡು ದಿನಕ್ಕಲ್ಲ, ನಾಲ್ಕು ದಿನಕ್ಕೆ. ಚೀಟಿಯ ಫೋಟೋ ಇಬ್ಬರ ಮೊಬೈಲಲ್ಲಿರಲಿ.

ಚಾರ್ಜ್_80
ಎಲೆಕ್ಟ್ರಿಕ್ ಗಾಡಿಯವರಿಗೆ. ದಾರಿಯಲ್ಲಿ ಪ್ರತಿ ಸಲ 80%ಗೆ ನಿಲ್ಲಿಸಿ ಹೊರಡಿ. 80ರಿಂದ 100ಕ್ಕೆ ವೇಗದ ಚಾರ್ಜರ್ ಕೂಡ ತೆವಳುತ್ತೆ, ಎರಡು ಚಿಕ್ಕ ನಿಲುಗಡೆ ಒಂದು ದೊಡ್ಡದಕ್ಕಿಂತ ಬೇಗ ಮುಗಿಯುತ್ತೆ. ಕೂಸಿಗೆ ಹೇಗೂ ನಿಲ್ಲಬೇಕಲ್ಲ, ಎರಡೂ ಗಾಡಿಯ ನಿಲುಗಡೆಯನ್ನ ಚಾರ್ಜರ್ ಇರೋ ಕಡೆಗೇ ಹೊಂದಿಸಿ. ಒಂದು ಚಾರ್ಜರ್ ಕೆಟ್ಟಿದ್ದರೆ ಮುಂದಿನದಕ್ಕೆ ಹೋಗುವಷ್ಟು ಯಾವಾಗಲೂ ಉಳಿದಿರಲಿ.

ಘಾಟಿ ಇಳಿಯೋವಾಗ ಬ್ಯಾಟರಿ ತುಂಬಿದ್ದರೆ ರೀಜನರೇಶನ್ (ಮೋಟರೇ ಗಾಡಿಯನ್ನ ತಡೆದು ಬ್ಯಾಟರಿಗೆ ಕರೆಂಟ್ ತುಂಬೋದು) ಹಿಡಿಯಲ್ಲ, ಇಳಿಜಾರಿನ ಶಕ್ತಿ ಹೋಗೋಕೆ ಜಾಗ ಇರಲ್ಲ. ಮೇಲೆ 100% ಮಾಡ್ಕೊಂಡು ಇಳಿಯೋದು ದಡ್ಡತನ. ವಾಪಸ್ ಬರೋವಾಗ ಲೆಕ್ಕ ತಿರುಗುಮುರುಗು: 1.7 ಟನ್ ಗಾಡಿ 800 ಮೀಟರ್ ಏರೋದಕ್ಕೆ ಸುಮಾರು 4 ಕಿಲೋವ್ಯಾಟ್ ಅವರ್ ಹೆಚ್ಚುವರಿ ಬೇಕು, ಅಂದ್ರೆ ಸಪಾಟು ರಸ್ತೆಯ 25 ಕಿ.ಮೀ.ನಷ್ಟು.

ಕೂಟದ ಮನೆಯಲ್ಲಿ ಸಾಮಾನ್ಯ ಪ್ಲಗ್ಗಿಗೆ ಹಾಕಿದರೆ ಸುಮಾರು 2 ಕಿಲೋವ್ಯಾಟ್ ಸಿಗುತ್ತೆ ಅಂತ ಇಟ್ಕೊಳ್ಳಿ. ರಾತ್ರಿ ಹತ್ತು ಗಂಟೆ ಕಾಲ ಹಾಕಿಟ್ಟರೆ 20 ಯೂನಿಟ್, ಹೆದ್ದಾರಿಯಲ್ಲಿ 110–130 ಕಿ.ಮೀ. ಮನೆಯವರನ್ನ ಮೊದಲೇ ಕೇಳಿ. ಐವತ್ತು ಜನ ಸೇರಿದ ಮನೆಯಲ್ಲಿ ಗೀಸರ್, ಅಡುಗೆ, ಲೈಟು ಎಲ್ಲ ಒಂದೇ ವೈರಿಂಗ್ ಮೇಲೆ ಎಳೀತಿರುತ್ತೆ. ರಾತ್ರಿ 11ರ ಮೇಲೆ ಹಾಕಿ. ಎಕ್ಸ್‌ಟೆನ್ಶನ್ ಬೇಡ. ಅನಿವಾರ್ಯ ಆದರೆ ದಪ್ಪ ತಂತಿಯದು, ಅದೂ ಸುರುಳಿಯನ್ನ ಪೂರ್ತಿ ಬಿಚ್ಚಿ ನೆಲಕ್ಕೆ ಹರಡಿ. ಸುತ್ತಿದ ಸುರುಳಿಯೊಳಗೆ ಶಾಖ ಹೊರಹೋಗದೆ ಪ್ಲಾಸ್ಟಿಕ್ ಕರಗುತ್ತೆ. ಅರ್ಧ ಗಂಟೆ ಬಿಟ್ಟು ಪ್ಲಗ್ ಮುಟ್ಟಿ ನೋಡಿ, ಕೈ ಇಡೋಕಾಗದಷ್ಟು ಬಿಸಿ ಇದ್ದರೆ ತೆಗೆದುಬಿಡಿ.

ನಾಲ್ಕನೇ_ಗೇರ್
ಎರಡು ಗಾಡಿ ಅಂದಮೇಲೆ ಇದನ್ನೂ ಹೇಳ್ಬೇಕು. "ನಮ್ಮ ಹಿಂದೇನೇ ಬನ್ನಿ" ಅನ್ನೋದು ಬೇಡ. ಮುಂದಿನವರು ಸಿಗ್ನಲ್ ದಾಟಿಬಿಡ್ತಾರೆ, ಹಿಂದಿನವರು ಕಳೆದುಹೋಗ್ತೀವಿ ಅಂತ ಕೆಂಪು ದೀಪ ಹಾರಿಸ್ತಾರೆ. ಎರಡೂ ಗಾಡಿಯಲ್ಲಿ ಪೂರ್ತಿ ವಿಳಾಸ, ಆಫ್‌ಲೈನ್ ಮ್ಯಾಪ್ ಇರಲಿ, ಸೇರೋ ಜಾಗ ಮೂರು ಗೊತ್ತು ಮಾಡಿ, ಮಧ್ಯೆ ಅವರವರ ಪಾಡಿಗೆ ಓಡಿಸಲಿ. ಫೋನ್ ಮಾತು ಪಕ್ಕದ ಸೀಟಿನವರ ಕೆಲಸ. ಓಡಿಸುವವರು ಬದಲಾಗೋದು ಎರಡು ಗಂಟೆಗೊಮ್ಮೆ, ಸುಸ್ತಾದಾಗ ಅಲ್ಲ. ಘಾಟಿಯಲ್ಲಿ ಅಭ್ಯಾಸ ಇರೋರು ಯಾರೋ ಅವರಿಗೆ ಕೊನೆಯ ಪಾಳಿ ಬರೋ ಹಾಗೆ ಹಿಂದಿನಿಂದ ಲೆಕ್ಕ ಹಾಕಿ.

ಪಾರ್ಕಿಂಗ್_ಪಂಡಿತ
ಯಾರೂ ಹೇಳದ ವಿಷಯ ನಾನು ಹೇಳ್ತೀನಿ. ಕೂಟದ ಮನೆ ಮುಂದೆ ಹದಿನೈದು ಗಾಡಿ ಬಂದಿರುತ್ತೆ. ಬೇಗ ತಲುಪಿದ ಖುಷಿಗೆ ಒಳಗಿನ ತುದಿಯಲ್ಲಿ ನಿಲ್ಲಿಸಿದರೆ ಭಾನುವಾರ ನಿಮ್ಮ ಮುಂದೆ ಐದು ಗಾಡಿ. ಅದರಲ್ಲಿ ಒಂದರ ಕೀಲಿ ನಿದ್ದೆ ಮಾಡ್ತಿರೋ ಮಾವನ ಜೇಬಲ್ಲಿ. ಮೊದಲು ಹೊರಡೋರು ಬಾಗಿಲ ಹತ್ತಿರ, ಮೂತಿ ರಸ್ತೆ ಕಡೆಗೆ. ಒಳಗೆ ನಿಲ್ಲಿಸಲೇಬೇಕಾದರೆ ಎಲ್ಲ ಕೀಲಿಯೂ ಹೆಸರಿನ ಚೀಟಿ ಸಮೇತ ಒಂದೇ ತಟ್ಟೆಯಲ್ಲಿ, ಓಡಿಸೋಕೆ ಬರುವ ಒಬ್ಬರ ಉಸ್ತುವಾರಿಯಲ್ಲಿ.

ಒಣ ಹುಲ್ಲಿನ ಮೇಲೆ ನಿಲ್ಲಿಸಬೇಡಿ, ಓಡಿ ಬಂದ ಗಾಡಿಯ ಸೈಲೆನ್ಸರ್ ಭಾಗ ಹುಲ್ಲಿಗೆ ಬೆಂಕಿ ಹಚ್ಚುವಷ್ಟು ಕಾದಿರುತ್ತೆ. ಮಳೆ ಬರೋ ಲಕ್ಷಣ ಇದ್ದರೆ ಮಣ್ಣಿನ ಇಳಿಜಾರೂ ಬೇಡ. ಮತ್ತೆ ಮಕ್ಕಳು ಡಿಕ್ಕಿ ತೆಗೆದಿಟ್ಟು, ಲೈಟ್ ಉರಿಸ್ಕೊಂಡು ಆಡ್ತಾರೆ. ಬೆಳಗ್ಗೆ ಸ್ಟಾರ್ಟ್ ಆಗಲ್ಲ. ಜಂಪರ್ ಕೇಬಲ್ ಇರಲಿ: ಕೆಂಪು ಮೊದಲು ಸತ್ತ ಬ್ಯಾಟರಿಯ ಪ್ಲಸ್ಸಿಗೆ, ಆಮೇಲೆ ಒಳ್ಳೇದರ ಪ್ಲಸ್ಸಿಗೆ, ಕಪ್ಪು ಒಳ್ಳೇದರ ಮೈನಸ್ಸಿಗೆ, ಕೊನೆಯ ತುದಿ ಸತ್ತ ಗಾಡಿಯ ಎಂಜಿನ್ನಿನ ಬಣ್ಣ ಇಲ್ಲದ ಲೋಹಕ್ಕೆ. ಬ್ಯಾಟರಿಯ ಹತ್ತಿರ ಕಿಡಿ ಹಾರಬಾರದು ಅಂತ ಆ ಕೊನೆಯ ಹೆಜ್ಜೆ. ತೆಗೆಯೋದು ಉಲ್ಟಾ ಕ್ರಮದಲ್ಲಿ.

ಸಾವಕಾಶ_ಹೋಗ್ರಿ
ಭಾನುವಾರ ಊಟಾ ಮಾಡಿ 2 ಗಂಟೆಗೆ ಹೊಂಡತೀವಿ ಅಂದ್ರಲ್ಲ, ಅದನ್ನ ಕೈಬಿಡ್ರಿ. ಮಧ್ಯಾಹ್ನ 2ರಿಂದ 4 ಎರಡನೇ ನಿದ್ದಿ ಹೊತ್ತು. ಮ್ಯಾಲೆ ಹೊಟ್ಟಿ ತುಂಬ ಊಟ, ಹಿಂದಿನ ರಾತ್ರಿ 1ರ ತನಕ ಹರಟಿ. 2 ಅಂದಿದ್ದು 3 ಆಗೂದಂತೂ ಗ್ಯಾರಂಟಿ, ಹೊಸ್ತಿಲದಾಗ ನಿಂತು ಮಾತಾಡೂದಕ್ಕ ಮುಕ್ಕಾಲು ತಾಸು ಬೇಕಲ್ಲ. ಆಮ್ಯಾಲೆ ಏಳು ತಾಸು. ಮನಿ ಮುಟ್ಟೂದು ರಾತ್ರಿ 10, ಸೋಮವಾರ ಕೆಲಸ.

ನಾಷ್ಟಾ ಮಾಡಿ 9:30ಕ್ಕ ಹೊಂಡ್ರಿ. ಗ್ರೂಪ್ ಫೋಟೋ ಶನಿವಾರ ಸಂಜೀನ ತಗಸ್ರಿ, ಹೊತ್ತು ಮುಳುಗೂ ಒಂದು ತಾಸು ಮೊದಲು. ಬೆಳಕೂ ಚಂದ, ಎಲ್ಲಾರೂ ಇರ್ತಾರ. ಭಾನುವಾರಕ್ಕ ಇಟ್ಟ ಫೋಟೋಕ್ಕ ಅರ್ಧಾ ಮಂದಿ ಸಿಗೂದಿಲ್ಲ, ಸಿಕ್ಕವರು ಹೊಂಡೂ ಗಡಿಬಿಡಿಯಾಗ ಇರ್ತಾರ.

ನಾಲ್ಕನೇ_ಗೇರ್
ಒಪ್ಪಿದೆ. ಹಿರಿಯರು ಊಟ ಮಾಡದೆ ಬಿಡಲ್ಲ ಅಂದ್ರೆ ಓಡಿಸುವವರು ಊಟ ಮುಗಿಸಿ ಕಾಫಿ ಕುಡಿದು 20 ನಿಮಿಷ ಮಲಗಿ. ಕಾಫಿ ಹಿಡಿಯೋಕೆ ಸುಮಾರು ಅರ್ಧ ಗಂಟೆ ಬೇಕು, ಏಳೋ ಹೊತ್ತಿಗೆ ಸರಿಹೋಗುತ್ತೆ. ಕಿಟಕಿ ತೆಗೆಯೋದು, ಹಾಡು ಜೋರಾಗಿ ಹಾಕೋದು ನಿದ್ದೆ ತಡೆಯಲ್ಲ. ಹಿಂದಿನ ಎರಡು ಕಿ.ಮೀ. ಹೇಗೆ ಬಂತು ಅಂತ ನೆನಪಿಲ್ಲ ಅನ್ನಿಸಿದ ಕ್ಷಣ ಪಕ್ಕಕ್ಕೆ ಹಾಕಿ ಡ್ರೈವರ್ ಬದಲಾಯಿಸಿ.

ಹಿಂದಿನ_ಸೀಟು
ಶನಿವಾರ 5ಕ್ಕೆ, ಭಾನುವಾರ 9:30ಕ್ಕೆ ಅಂತ ಮನೆಯಲ್ಲಿ ಒಪ್ಪಿಸಿದ್ದಾಯ್ತು. ಈಗ ಸ್ಟೆಪ್ನಿ ತೆಗೆದೆ. ಬೇರೆ ನಾಲ್ಕಕ್ಕಿಂತ ಸಣ್ಣದು, ಮೇಲೆ 60 ಪಿಎಸ್‌ಐ, 80 ಕಿ.ಮೀ. ಅಂತ ಬರೆದಿದೆ. ಗೇಜು ತೋರಿಸ್ತಿರೋದು 22. 80 ಅಂದ್ರೆ 80 ಕಿ.ಮೀ. ದೂರ ಓಡಿಸಬಹುದು ಅಂತನಾ?

ಗಾಳಿ_ಚೆಕ್
ಅಲ್ಲ, ಗಂಟೆಗೆ 80, ಅದು ವೇಗದ ಮಿತಿ. ಅದು ತಾತ್ಕಾಲಿಕ ಸ್ಟೆಪ್ನಿ, ಸಣ್ಣದಿರೋದರಿಂದಲೇ 60 ಬೇಕು. 22ರಲ್ಲಿ ಹಾಕಿದರೆ ಫುಲ್ ಲೋಡಿಗೆ ಟೈರ್ ತೀರಾ ಕುಗ್ಗಿಬಿಡುತ್ತೆ. ಕೈಯಲ್ಲಿ ಹಿಡಿಯೋ ಚಿಕ್ಕ ಪಂಪು ಕೆಲವು 50ಕ್ಕೇ ಸುಸ್ತಾಗುತ್ತೆ, ಗಾಳಿ ಅಂಗಡಿಗೇ ಹೋಗಿ 60 ಅಂತ ಎರಡು ಸಲ ಹೇಳಿ ಹಾಕ್ಸಿ. ಅವರು ಅಭ್ಯಾಸಬಲದಿಂದ 35ಕ್ಕೆ ನಿಲ್ಲಿಸ್ತಾರೆ. ಘಾಟಿಗೆ ಮುಂಚೆ ಪಂಕ್ಚರ್ ಆದರೆ ಇದನ್ನ ಹಾಕ್ಕೊಂಡು ಇಳಿಯಬೇಡಿ, ಮೇಲಿನ ಊರಲ್ಲೇ ಪಂಕ್ಚರ್ ಹಾಕ್ಸಿ ಮೂಲ ಚಕ್ರ ಹಾಕ್ಕೊಂಡೇ ಇಳಿಯಿರಿ.